ಇಬ್ಬರೇ ಹೋದರೆ ಹಗುರ ಅನ್ನುವುದು ತಪ್ಪು ಲೆಕ್ಕ

ಸಿಂಹಗಡವನ್ನು ಓಡಿಕೊಂಡು ಹತ್ತಿಳಿಯುವ ಪುಣೆ-ಮುಂಬೈಯ ನಮ್ಮ ಕನ್ನಡದ ಹುಡುಗರ ಬಾಯಲ್ಲಿ ಈಗ ಒಂದೇ ಮಾತು: ಹಿಮಾಲಯಕ್ಕೆ ಗುಂಪು ಬೇಡ, ಇಬ್ಬರೇ ಹೋಗೋಣ, ಹಗುರವಾಗಿ ಹೋಗಿಬರೋಣ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ತಕ್ಕಡಿ ತನ್ನಿ.

ಡೇರೆ ಎರಡೂವರೆ ಕಿಲೋ. 60 ಮೀಟರ್ ಹಗ್ಗ ಮೂರರಿಂದ ಮೂರೂವರೆ. ಒಲೆ-ಪಾತ್ರೆ ಒಂದು ಕಿಲೋ. ಹಿಮದಲ್ಲಿ ಊರುವ ಐಸ್ ಸ್ಕ್ರೂ, ಸ್ನೋ ಸ್ಟೇಕ್, ಕ್ಯಾರಬಿನರ್ (ಬಾಯಿ ತೆರೆಯುವ ಲೋಹದ ಕೊಂಡಿ), ಸ್ಲಿಂಗ್ (ಪಟ್ಟಿಯ ಕುಣಿಕೆ) ಎಲ್ಲ ಸೇರಿ ಎರಡೂವರೆ, ಔಷಧಿ ಅರ್ಧ. ಹತ್ತಿರ ಹತ್ತಿರ ಹತ್ತು ಕಿಲೋ. ನಾಲ್ವರಿದ್ದರೂ ಹಗ್ಗ, ಒಲೆ, ಔಷಧಿ ಹೆಚ್ಚೇನೂ ಬೆಳೆಯುವುದಿಲ್ಲ. ಇಬ್ಬರೇ ಆದಾಗ ತಲೆಗೆ ಐದು ಕಿಲೋ ಬೀಳುತ್ತದೆ. ಮೇಲೆ ಸ್ವಂತದ್ದು ಒಂಬತ್ತು, ಖಾಲಿ ಸ್ಯಾಕ್ ಎರಡು, ದಿನಕ್ಕೆ 800 ಗ್ರಾಂನಂತೆ ಎಂಟು ದಿನದ ಊಟ ಆರೂವರೆ, ನೀರು ಒಂದು.

ಇನ್ನು ಗ್ಯಾಸ್. ಎಲ್ಲರೂ ಎಡವುವುದು ಇಲ್ಲೇ. ಹಿಮವನ್ನು ಬರೀ ಕರಗಿಸಲು ತಗಲುವ ಶಾಖ, ಆ ನೀರನ್ನು ಕುದಿಸಲು ತಗಲುವಷ್ಟೇ ಹೆಚ್ಚುಕಡಿಮೆ. ಇಬ್ಬರಿಗೆ ದಿನಕ್ಕೆ ಎಂಟು ಲೀಟರ್ ಅಂದರೆ ಸುಮಾರು 250 ಗ್ರಾಂ ಗ್ಯಾಸ್ ಬೇಕು. ಡಬ್ಬಿಯ ತೂಕ ಬೇರೆ. ವಿಮಾನದಲ್ಲಿ, ರೈಲಿನಲ್ಲಿ ಅದನ್ನು ಒಯ್ಯುವಂತಿಲ್ಲ. ಮನಾಲಿಯಲ್ಲೋ ಲೇಹ್‌ನಲ್ಲೋ ಕೊಳ್ಳಬೇಕು. 5000 ಮೀಟರಿನಲ್ಲಿ ನೀರು 83 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಬೇಯುವ ಆಸೆ ಬಿಡಿ. ಅವಲಕ್ಕಿ, ಹುರಿದ ರವೆ, ಶೇಂಗಾ ಹೋಳಿಗೆ ಒಯ್ಯಿರಿ. (ಶೇಂಗಾ ಹೋಳಿಗೆಗೆ ಸಮನಾದ ಎನರ್ಜಿ ಬಾರ್ ಇನ್ನೂ ಹುಟ್ಟಿಲ್ಲ ಅಂತ ನನ್ನ ವಾದ.)

ಎಲ್ಲ ಸೇರಿ ಒಬ್ಬೊಬ್ಬರ ಬೆನ್ನಿಗೆ ಒಟ್ಟು 25 ಕಿಲೋ. ಅದನ್ನು ಒಂದೇ ಸಲಕ್ಕೆ ಹೊತ್ತರೆ ಮಂಡಿ ಮೊದಲು ಸೋಲುತ್ತದೆ. ಹೇರು ಎರಡು ಮಾಡಿ. ಹೋಗಿ, ಬಂದು, ಮತ್ತೆ ಹೋಗುವಾಗ ಮೂರು ಕಿಲೋಮೀಟರ್ ದಾರಿ ಒಂಬತ್ತಾಗುತ್ತದೆ ನಿಜ, ಆದರೆ ಮೇಲೆ ಹೋಗಿ ಕೆಳಗೆ ಮಲಗಿದರೆ ದೇಹವೂ ಎತ್ತರಕ್ಕೆ ಒಗ್ಗುತ್ತದೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಹೇಗೂ. ಮೊದಲ ಹೇರಿನಲ್ಲಿ ಊಟ, ಗ್ಯಾಸ್, ಕಬ್ಬಿಣದ ಸಾಮಾನು. ಡೇರೆ, ಸ್ಲೀಪಿಂಗ್ ಬ್ಯಾಗ್ ಯಾವತ್ತೂ ನೀವಿರುವ ಕಡೆಯೇ ಇರಬೇಕು; ಮೇಲಿಟ್ಟು ಬಂದ ರಾತ್ರಿಯೇ ಹಿಮ ಸುರಿದರೆ ಗತಿಯೇನು? ಇಟ್ಟ ಗಂಟಿನ ಮೇಲೆ ಕಲ್ಲು ಹೇರಿ, ಪಕ್ಕದಲ್ಲಿ ಬಿದಿರು ಕಡ್ಡಿ ನೆಡಿ. ಹಕ್ಕಿಗಳು ಪ್ಲಾಸ್ಟಿಕ್ ಹರಿಯುತ್ತವೆ.

ಹಗ್ಗ ಮಾತ್ರ ಎರಡೂ ಹೇರಿಗೆ ಸೊಂಟದಲ್ಲೇ. ಹಿಮನದಿಯ ಮೇಲೆ ಇಬ್ಬರ ನಡುವೆ 15 ಮೀಟರ್, ಅದರಲ್ಲಿ ಎರಡೆರಡು ಮೀಟರಿಗೆ ಒಂದು ಗಂಟು. ಒಬ್ಬ ಬಿರುಕಿಗೆ ಬಿದ್ದರೆ ಅಂಚಿನ ಹಿಮಕ್ಕೆ ಗಂಟು ಕಚ್ಚಿಕೊಳ್ಳುತ್ತದೆ. ಉಳಿದ ಹಗ್ಗ ಇಬ್ಬರ ಮೈಮೇಲೂ ಸಮನಾಗಿ ಸುತ್ತಿರಲಿ, ಎತ್ತುವುದು ಆ ಹಗ್ಗದಿಂದ. ಗಂಟಿನ ಹಗ್ಗ ರಾಟೆಯಲ್ಲಿ ಓಡುವುದಿಲ್ಲ.

ಬಿದ್ದವನನ್ನು ಎತ್ತಲು ಮೂರಕ್ಕೊಂದರ ರಾಟೆ ಕಟ್ಟಿದರೆ ಭಾರ ಮೂರನೇ ಒಂದು ಪಾಲಾಗುತ್ತದೆ ಅಂತ ಪಾಠದಲ್ಲಿ ಹೇಳುತ್ತಾರೆ. ಬರೀ ಕ್ಯಾರಬಿನರಿನಲ್ಲಿ ತಿಕ್ಕಾಟವೇ ಅರ್ಧ ತಿನ್ನುತ್ತದೆ, ಸಿಗುವುದು ಎಳೆದ ಬಲದ ಎರಡು ಪಟ್ಟೂ ಅಲ್ಲ. ಒಂದೇ ಒಂದು ಒಳ್ಳೆಯ ರಾಟೆ ಇದ್ದರೆ ಅದನ್ನು ಆಂಕರಿಗೆ (ಹಿಮದಲ್ಲಿ ಊರಿದ ಆಧಾರಕ್ಕೆ) ಹಾಕಬೇಡಿ. ಎಳೆಯುವ ಕೈಗೆ ಹತ್ತಿರದ, ಮುಂದೆ-ಹಿಂದೆ ಸರಿಯುವ ಪ್ರೂಸಿಕ್ಕಿಗೆ (ಎಳೆದಾಗ ಹಗ್ಗವನ್ನು ಕಚ್ಚಿ ಹಿಡಿಯುವ ತೆಳು ಹುರಿಯ ಗಂಟು) ಹಾಕಿ: ಎರಡೂಕಾಲು ಪಟ್ಟಿಗಿಂತ ಹೆಚ್ಚು ಸಿಗುತ್ತದೆ. ಆಂಕರಿಗೆ ಹಾಕಿದರೆ ಎರಡು, ಅಷ್ಟೇ. ಬಿದ್ದವನ 75 ಕಿಲೋಗೆ ಬೆನ್ನಿನ 25 ಸೇರಿದರೆ ನೂರು. ಒಬ್ಬನ ಕೈಲಿ ಅದು ಆಗದ ಕೆಲಸ. ಅದಕ್ಕೇ ಹೊರಡುವಾಗಲೇ ಸ್ಯಾಕ್‌ನ ಕುಣಿಕೆಗೆ ಒಂದು ಉದ್ದ ಸ್ಲಿಂಗ್ ಸಿಕ್ಕಿಸಿಕೊಂಡಿರಿ. ಬಿದ್ದವನು ಸ್ಯಾಕ್ ಕಳಚಿ ಹಗ್ಗಕ್ಕೆ ನೇತುಹಾಕಲಿ. ಇಲ್ಲದಿದ್ದರೆ ಅದು ಅವನನ್ನು ತಲೆಕೆಳಗು ಮಾಡುತ್ತದೆ. ಮೊದಲು ಮನುಷ್ಯ, ಆಮೇಲೆ ಸಾಮಾನು.

ಇದನ್ನೆಲ್ಲ ಕಲಿಯಲು ಮನಾಲಿಗೆ ಹೋಗಬೇಕಿಲ್ಲ. ಕೋಟೆಯ ಬುಡದ ಆತಕರವಾಡಿಯಿಂದ ಸಿಂಹಗಡಕ್ಕೆ 25 ಲೀಟರ್ ನೀರು ಹೊತ್ತು ಹತ್ತಿ, ಮೇಲೆ ಗಿಡಕ್ಕೆ ಸುರಿದು ಖಾಲಿ ಕ್ಯಾನಿನಲ್ಲಿ ಇಳಿಯಿರಿ, ಮಂಡಿ ಉಳಿಯುತ್ತದೆ. ಸೊಸೈಟಿಯ ಮರಕ್ಕೆ ರಾಟೆ ಕಟ್ಟಿ, ಮರಳಿನ ಮೂಟೆ ನೇತುಹಾಕಿ, ಕೈಗವಸು ತೊಟ್ಟು, ಒಬ್ಬರೇ ಎಳೆದು ನೋಡಿ. ವಾಚ್‌ಮನ್‌ಗೆ ಮೊದಲೇ ಹೇಳಿರಿ.