ಕಂಟ್ರೋಲ್ ಎಲ್ಲದ?

ನಿನ್ನೆ ಇಲ್ಲೇ ಕಲಬುರಗಿಯೊಳಗ ಒಂದು ಸೆಮಿನಾರಿಗೆ ಹೋಗಿದ್ದೆ. ಯಾವ ಕಾಲೇಜು ಅಂತ ಕೇಳಬ್ಯಾಡ್ರಿ, ಹೇಳೂದಿಲ್ಲ. ಮೊದಲನೇ ಬಹುಮಾನ ಬಂದ ಪೋಸ್ಟರ್ ನೋಡಿದಾಗಿಂದ ತಲಿ ಕಾದದ. ಬಿಸಿಲಿನ ಸಲುವಾಗಿ ಅಲ್ಲ.

ಪೋಸ್ಟರ್ ಹೇಳೂದಿಷ್ಟು: ಜ್ವಾಳದ ಅಂಬಲಿಯೊಳಗಿನ ಲ್ಯಾಕ್ಟೋಬ್ಯಾಸಿಲಸ್ (ಹುಳಿ ಬರಿಸೂ ಬ್ಯಾಕ್ಟೀರಿಯಾ) ಬೆಳಸಿ, ಅದರ ಮ್ಯಾಲಿನ ತಿಳಿ ತಗದು ಕರುಳಿನ ಕೋಶಕ್ಕ ಹಾಕಿದ್ರ, ಸಾಲ್ಮೊನೆಲ್ಲಾ (ಟೈಫಾಯ್ಡ್ ತರೂ ಬ್ಯಾಕ್ಟೀರಿಯಾದ ಕುಲ) ಒಳಗ ಹೋಗೂದೇ ನಿಂತುಬಿಡ್ತದ. ಗ್ರಾಫಿನ್ಯಾಗ ಒಂದು ಕಂಬ ಆಕಾಶಕ್ಕ, ಇನ್ನೊಂದು ನೆಲಕ್ಕ. ಚಪ್ಪಾಳಿ. ‘ನಮ್ಮ ಮಣ್ಣಿನ ಹೆಮ್ಮೆ’ ಅಂದ್ರು ಅಧ್ಯಕ್ಷರು. ನಾನು ಕೇಳಿದ್ದು ಒಂದೇ ಮಾತು: ‘ಕಂಟ್ರೋಲ್ ಎಲ್ಲದ ಯವ್ವಾ?’ ಕಂಟ್ರೋಲ್ ಅಂದ್ರ ಫಲಿತಾಂಶಕ್ಕ ಬ್ಯಾರೆ ಕಾರಣ ಇಲ್ಲ ಅಂತ ತೋರಿಸ್ಲಿಕ್ಕ ಜೊತಿಗೇ ಮಾಡೂ ಹೋಲಿಕಿ ಪರೀಕ್ಷೆ. ಆ ಹುಡುಗಿ ತನ್ನ ಗೈಡ್ ಮಾರಿ ನೋಡಿದಳು. ಗೈಡ್ ಫ್ಯಾನ್ ನೋಡಿದ್ರು.

ಈ ಲೈನಿನವರಲ್ಲದ ಗೆಳೆಯರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಇದು ಜೆಂಟಾಮೈಸಿನ್ ಪ್ರೊಟೆಕ್ಷನ್ ಅಸ್ಸೇ, ಅಂದ್ರ ಬ್ಯಾಕ್ಟೀರಿಯಾ ಕೋಶದೊಳಗ ಎಷ್ಟು ಹೊಕ್ಕವು ಅಂತ ನೋಡೂ ಪರೀಕ್ಷೆ. ಪ್ಲೇಟಿನ ತಳದಾಗ ಎಚ್‌ಟಿ-29 ಇಲ್ಲಾ ಕಾಕೋ-2 ಕೋಶ ಬೆಳಸ್ತಾರ, ಎರಡೂ ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡಿಯಿಂದ ಬಂದವು. ಅವುಗಳ ಮ್ಯಾಲ ಬ್ಯಾಕ್ಟೀರಿಯಾ ಬಿಟ್ಟು, ಒಂದು ತಾಸಿನ ಮ್ಯಾಲ ತೊಳದು, ಮಿಲಿಗೆ 100 ಮೈಕ್ರೋಗ್ರಾಂ ಹಂಗ ಜೆಂಟಾಮೈಸಿನ್ ಹಾಕ್ತಾರ. ಬ್ಯಾಕ್ಟೀರಿಯಾ ಕೊಲ್ಲೂ ಈ ಔಷಧ ಜೀವಂತ ಕೋಶದ ಪೊರಿ ದಾಟೂದು ಭಾಳ ನಿಧಾನ. ಕರ್ಫ್ಯೂ ಇದ್ದಂಗ: ಬೀದ್ಯಾಗ ಸಿಕ್ಕವರಿಗೆ ಲಾಠಿ, ಮನಿ ಹೊಕ್ಕವರು ಬಚಾವ್. ಆಮ್ಯಾಲ ಟ್ರೈಟಾನ್ ಎಕ್ಸ್-100 ಅನ್ನೂ ಸಾಬೂನಿನಂಥದ್ದು ಹಾಕಿ ಕೋಶ ಒಡದು, ಒಳಗಿದ್ದವನ್ನ ಅಗಾರ್ ಅನ್ನೂ ಜೆಲ್ಲಿ ಮ್ಯಾಲ ಹರವಿ, ಮರುದಿನ ಕಾಲೊನಿ (ಬ್ಯಾಕ್ಟೀರಿಯಾ ಬೆಳದ ಚುಕ್ಕಿ) ಎಣಸ್ತಾರ.

ಚಂದ ಅದ, ಅಗ್ಗ ಅದ, ಕಲಿಸ್ಲಿಕ್ಕೂ ಸಲೀಸು. ಆದ್ರ ಎಣಿಕಿಯೊಳಗ ಸಿಗೂದು ಕಡೀಗೆ ಬದುಕಿ ಉಳದ ಬ್ಯಾಕ್ಟೀರಿಯಾ ಎಷ್ಟು ಅನ್ನೂದಷ್ಟೇ. ಎಷ್ಟು ಒಳಗ ಹೋಗಿದ್ದವು ಅನ್ನೂದನ್ನ ನಾವು ಅದರ ಮ್ಯಾಲಿಂದ ಊಹಿಸ್ತೀವಿ. ಆ ಊಹೆಗೆ ಆಧಾರ ಕೊಡೂದು ಕಂಟ್ರೋಲ್.

ಈಗ ಅಂಬಲಿಗೆ ಬರೂಣು. ಲ್ಯಾಕ್ಟೋಬ್ಯಾಸಿಲಸ್ ಬೆಳದ ತಿಳಿ ಅಂದ್ರ ಲ್ಯಾಕ್ಟಿಕ್ ಆಸಿಡ್, ಪಿಎಚ್ 4ರ ಆಸುಪಾಸು (7 ಅಂದ್ರ ಹುಳಿ ಇಲ್ಲ, ಕೆಳಗ ಇಳದಂಗ ಹುಳಿ ಜಾಸ್ತಿ). ಆ ಹುಳಿಗೆ ಸಾಲ್ಮೊನೆಲ್ಲಾ ಬಾಗಿಲಿಗೆ ಬರೂಕಿಂತ ಮೊದಲೇ ಸತ್ತಿರಬಹುದು. ಇಲ್ಲಾ ಕರುಳಿನ ಕೋಶಗಳೇ ಸತ್ತು, ತೊಳಿಯೂ ಮುಂದ ಕಿತ್ತು ಹೋಗಿರಬಹುದು. ಇಲ್ಲಾ ಕೋಶದ ಪೊರಿ ತೂತು ಬಿದ್ದು, ಜೆಂಟಾಮೈಸಿನ್ ಒಳಗ ನುಗ್ಗಿ, ಆರಾಮ ಒಳಗ ಕುಂತಿದ್ದ ಬ್ಯಾಕ್ಟೀರಿಯಾನೂ ಕೊಂದಿರಬಹುದು. ಮೂರರಾಗ ಯಾವುದು ಆದ್ರೂ ಆ ಎರಡನೇ ಕಂಬ ನೆಲಕ್ಕೇ ಹತ್ತತದ! ಅಂಬಲಿ ಏನೂ ತಡದಿರಬೇಕಂತಿಲ್ಲ.

ಇದನ್ನ ಬಿಡಸ್ಲಿಕ್ಕ ಏನು ಬೇಕು? ತಿಳಿಗೆ ನಾಕು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7ಕ್ಕ ತಂದು ಒಂದು ವೆಲ್ (ಪ್ಲೇಟಿನ ಒಂದು ಗುಳಿ). ಬರೇ ಲ್ಯಾಕ್ಟಿಕ್ ಆಸಿಡ್ ಹಾಕಿ ಒಂದು ವೆಲ್. ಕೋಶ ಇಲ್ಲದೇ ಸಾಲ್ಮೊನೆಲ್ಲಾ ಜೊತಿಗೆ ತಿಳಿ ಅಷ್ಟೇ ಹಾಕಿ ಒಂದು ವೆಲ್. ಕೋಶ ಜೀವಂತ ಅದಾವೋ ಇಲ್ಲೋ ನೋಡ್ಲಿಕ್ಕ ಟ್ರೈಪಾನ್ ಬ್ಲೂ, ಸತ್ತ ಕೋಶಕ್ಕ ಹತ್ತೂ ನೀಲಿ ಬಣ್ಣ. ಮುಗೀತು. 24 ವೆಲ್ಲಿನ ಪ್ಲೇಟಿನ್ಯಾಗ ಅರ್ಧ ಖಾಲಿ ಬಿಟ್ಟಿದ್ರು, ಫೋಟೋದಾಗ ನಾನೇ ನೋಡೀನಿ.

ಇನ್ನೊಂದು ಪೋಸ್ಟರ್ ಇದಕ್ಕೂ ಘನಂದಾರಿ. ದವಾಖಾನಿ ಸ್ಯಾಂಪಲ್ಲಿನ ಇ. ಕೋಲಿ ‘ಭಾರಿ ಪ್ರಮಾಣದಾಗ’ ಕೋಶದೊಳಗ ನುಗ್ಗತದಂತ. ಆ ತಳಿ ಜೆಂಟಾಮೈಸಿನ್‌ಗೆ ಸಾಯ್ತದೋ ಇಲ್ಲೋ ಮೊದಲು ನೋಡಿರೇನು? ಇಲ್ಲ. ದವಾಖಾನಿಯ ಎಷ್ಟೋ ತಳಿ ಈ ಔಷಧಕ್ಕ ಬಗ್ಗೂದಿಲ್ಲ. ಹೊರಗ ಕುಂತು ನಗ್ತಿದ್ದವನ್ನೆಲ್ಲಾ ‘ಒಳಗ ಹೋದವು’ ಅಂತ ಎಣಸಿಕೊಂಡು ಬಂದಾರ.

ಕಂಟ್ರೋಲಿನ ಬೆಲೆ ಏನಂತ ಒಂದು ಹಳೇ ಉದಾಹರಣೆ ನೋಡ್ರಿ. 1985ರಾಗ ರಾಲ್ಫ್ ಐಸ್‌ಬರ್ಗ್, ಸ್ಟ್ಯಾನ್ಲಿ ಫಾಲ್ಕೋ ಅನ್ನೂ ವಿಜ್ಞಾನಿಗಳಿಬ್ಬರೂ ಸೇರಿ, ಕೋಶಕ್ಕ ನುಗ್ಗೂ ಯೆರ್ಸಿನಿಯಾ ಅನ್ನೂ ಬ್ಯಾಕ್ಟೀರಿಯಾದ ಒಂದು ತುಣುಕು ಡಿಎನ್‌ಎಯನ್ನ ಇ. ಕೋಲಿ ಕೆ-12ಕ್ಕ ಹಾಕಿದ್ರು. ಕೆ-12 ಅಂದ್ರ ಲ್ಯಾಬಿನ ಬಡಪಾಯಿ, ತಾನಾಗಿ ಯಾವ ಕೋಶಕ್ಕೂ ನುಗ್ಗೂದಿಲ್ಲ. ಆ ತುಣುಕು ಬಿದ್ದದ್ದೇ ತಡ, ನುಗ್ಗಲಿಕ್ಕೆ ಹತ್ತಿತು. ತುಣುಕಿಲ್ಲದ ಅದೇ ಕೆ-12 ಹೊರಗೇ ಉಳೀತು. ಆ ಹೊರಗುಳದದ್ದನ್ನ ತೋರಿಸದಿದ್ರ ಆ ಪೇಪರಿನ್ಯಾಗ ಉಳಿಯೂದರೇ ಏನು?

‘ಸರ, ಬೆಂಗಳೂರಿನ ಲ್ಯಾಬಿನಂಗ ಮಾತಾಡಬ್ಯಾಡ್ರಿ, ನಮ್ಮ ಕಡೆ ಸೌಲಭ್ಯ ಎಲ್ಲದಾವ’ ಅಂದ್ರು ಒಬ್ಬರು, ಊಟದ ಮುಂದ. ಒಪ್ಪತೀನ್ರಿ. ಪುಣೆದ ಎನ್‌ಸಿಸಿಎಸ್ ಅನ್ನೂ ಕೋಶ ಸಂಗ್ರಹದ ಸಂಸ್ಥೆಯಿಂದ ಕೋಶ ತರಸಬೇಕು, ಕೋಶ ಬೆಳಸೂ ಸೀರಂ ತುಟ್ಟಿ, ಮೇ ತಿಂಗಳಾಗ ಕರೆಂಟ್ ಹೋದ್ರ ಇನ್‌ಕ್ಯುಬೇಟರ್ ಮುಂದ ದೇವರ ಹೆಸರು ತಗೊಂಡು ನಿಂದ್ರಬೇಕು. ಆರ್ಗನಾಯ್ಡ್ (ಲ್ಯಾಬಿನ್ಯಾಗ ಬೆಳಸೂ ಪುಟ್ಟ ಕರುಳಿನಂಥದ್ದು) ಮಾಡ್ರಿ, ಕಾಕೋ-2 ಕೋಶ 21 ದಿನ ಬೆಳಸಿ ಫಿಲ್ಟರ್ ಮ್ಯಾಲ ಪದರ ಕಟ್ರಿ ಅಂತ ನಾ ಕೇಳಿಲ್ಲ. ಕೇಳಿದ್ದು ಪಿಎಚ್ ಪೇಪರ್. ಅದು ನಮ್ಮ ಡಿಗ್ರಿ ಕಾಲೇಜಿನ ಕಪಾಟಿನ್ಯಾಗೂ ಸಿಗತದ. ಎಲ್ಲಾದಕ್ಕೂ ‘ಹಿಂದುಳಿದ ಭಾಗ’ ಅನ್ನೂ ನೆಪ ಕೇಳಿ ಕೇಳಿ ಕಿವಿ ಕಿವುಡಾಗ್ಯಾವ.

ಖರೆ ಹೇಳ್ತೀನಿ, ಆ ಹುಡುಗಿ ಮ್ಯಾಲ ನನಗ ಒಂಚೂರೂ ಸಿಟ್ಟಿಲ್ಲ. ಆಕಿ ಪ್ಲೇಟ್ ಫೋಟೋ ನೋಡಿದೆ. ಡೈಲ್ಯೂಷನ್ ಎಷ್ಟು ನೀಟ್ ಅಂದ್ರ ನನಗ ಹೊಟ್ಟಿಕಿಚ್ಚಾಯ್ತು. ಇಂಥ ಕೈ ಇದ್ದವಳಿಗೆ ಎರಡು ವರ್ಷದಾಗ ಯಾರೂ ‘ಇದನ್ನೂ ಒಂದು ವೆಲ್ಲಿನ್ಯಾಗ ಹಾಕಿ ನೋಡವಾ’ ಅಂದಿಲ್ಲ. ಸಿಟ್ಟು ಬರೂದು ಅಲ್ಲಿ. ಇವತ್ತು ಮುಂಜಾನಿ ಊರ ವಾಟ್ಸಾಪ್ ಗ್ರೂಪಿನ್ಯಾಗ ‘ಟೈಫಾಯ್ಡ್‌ಗೆ ಅಂಬಲಿ ರಾಮಬಾಣ, ಕಲಬುರಗಿ ವಿದ್ಯಾರ್ಥಿನಿ ಸಂಶೋಧನೆ’ ಅಂತ ಬಂದೂಬಿಟ್ಟದ. ನಮ್ಮ ಕಾಕಾ ಅದಕ್ಕ ಕೈಮುಗಿಯೂ ಚಿತ್ರ ಹಾಕ್ಯಾರ.

ಆ ಹುಡುಗಿಗೆ ನಂಬರ್ ಕೊಟ್ಟು ಬಂದೀನಿ: ಸೋಮವಾರ ಬಾ, ಮೀಡಿಯಂ ನಂದು, ಪ್ಲೇಟ್ ನಂದು, ಅಂಬಲಿ ನಿಂದು. ಪಿಎಚ್ 7ಕ್ಕ ತಂದ ಮ್ಯಾಲೂ ಆ ಕಂಬ ನೆಲಕ್ಕೇ ಇದ್ರ ಮೊದಲು ಚಪ್ಪಾಳಿ ಹೊಡಿಯೂವ ನಾನೇ. ಮತ್ತ ಸೆಮಿನಾರ್ ಮಾಡೂ ದೊಡ್ಡವರೇ, ಮಾರ್ಕ್ಸ್ ಶೀಟಿನ್ಯಾಗ ‘ಪೋಸ್ಟರ್ ಅಂದ-ಚಂದ’ಕ್ಕ ಹತ್ತು ಇಟ್ಟೀರಲ್ಲ, ಅದರಾಗ ಐದು ಕಿತ್ತು ಕಂಟ್ರೋಲಿಗೆ ಕೊಡ್ರಿ. ಇದಕ್ಕ ಮುಂದಿನ ಸಲ ನನ್ನ ಕರೀಲಿಲ್ಲಂದ್ರೂ ನಡೀತದ.