ಕೊತ್ತಿ ರಾಗಿ ಬೀಸ್ತಾ ಅದೆ

ನಮ್ಮನೆ ಬೆಕ್ಕಿನ ಹೆಸರು ಕೊತ್ತಂಬರಿ.

ಮೂರು ವರ್ಷದ ಹಿಂದೆ, ಆಷಾಢದ ಜಿಟಿಜಿಟಿ ಮಳೆಯಲ್ಲಿ ತರಕಾರಿ ಗಾಡಿಯ ಕೆಳಗೆ ನೆನೆದು ಮುದುರಿಕೊಂಡು ಕೂತಿತ್ತು. ಅಂಗೈ ಅಗಲದ ಮರಿ. ಸೊಪ್ಪಿನ ಚೀಲದಲ್ಲೇ ಇಟ್ಟುಕೊಂಡು ಮನೆಗೆ ಬಂದೆ. ಬಾಗಿಲು ತೆಗೆದ ಅಜ್ಜಿ ಚೀಲದೊಳಗೆ ಇಣುಕಿ, "ಅಯ್ಯೋ ಸಿವನೇ, ಕೊತ್ತಂಬರಿ ತಾ ಅಂದ್ರೆ ಕೊತ್ತಿ ತಂದಿದ್ದೀಯಲ್ಲವ್ವ!" ಅಂದರು. ಹೆಸರು ಅಲ್ಲೇ ಇಟ್ಟಾಯಿತು.

ಅಜ್ಜಿ ಮಂಡ್ಯ ಕಡೆಯವರು. ಅವರಿಗೆ ಬೆಕ್ಕು ಅಂದರೆ ಕೊತ್ತಿನೇ. ಶಾಲೆಗೆ ಹೋಗುವಾಗ ನಾನು ಆ ಪದ ಹೇಳೋಕೆ ನಾಚಿಕೊಂಡಿದ್ದೆ, ಪುಸ್ತಕದಲ್ಲಿ ಬೆಕ್ಕು ಅಂತ ಇರುತ್ತಿತ್ತಲ್ಲ. ಈಗ ಅದೇ ಪದ ಬಾಯಲ್ಲಿ ಬಂದರೆ ಎಷ್ಟು ಹಿತ ಅನಿಸುತ್ತೆ. ಮಂಗಳೂರಿನ ಗೆಳತಿ ಫೋನ್ ಮಾಡಿದಾಗಲೆಲ್ಲ "ನಿನ್ನ ಪುಚ್ಚೆ ಹೇಗಿದೆ?" ಅಂತ ಕೇಳ್ತಾಳೆ, ತುಳುವಿನಲ್ಲಿ ಅದು ಪುಚ್ಚೆ. ಒಂದೇ ಪ್ರಾಣಿ, ಊರು ಬಿಟ್ಟು ಊರಿಗೆ ಹೋಗೋಷ್ಟರಲ್ಲಿ ಎಷ್ಟೊಂದು ಹೆಸರು!

ಬೆಳಗ್ಗೆ ಒಂಬತ್ತರ ಹೊತ್ತಿಗೆ ನನ್ನ ಓದುವ ಮೇಜಿನ ಮೇಲೆ ಬಿಸಿಲು ಬೀಳುತ್ತೆ. ಆ ಮೇಜಿನ ಮೇಲೆ ಯಾವಾಗಲೂ ಒಂದು ನಿಘಂಟು ತೆರೆದೇ ಇರುತ್ತೆ. ನಿಘಂಟು ಓದೋದು ನನಗೆ ಕಾದಂಬರಿ ಓದಿದಷ್ಟೇ ಇಷ್ಟ. ಒಂದು ಪದ ಹುಡುಕೋಕೆ ಹೋಗಿ ಇಪ್ಪತ್ತು ಪದ ಓದಿ ಏಳ್ತೀನಿ. ಕೊತ್ತಂಬರಿಗೂ ಅದು ಇಷ್ಟ, ಬಿಸಿಲಿಗೆ ಹಾಳೆ ಬೆಚ್ಚಗಾಗಿರುತ್ತಲ್ಲ. ನಡುಪುಟದ ಮೇಲೆ ಹೊಟ್ಟೆ ಹಾಸಿ, ಮುಂಗಾಲು ಎರಡನ್ನೂ ಎದೆಯಡಿ ಸೇರಿಸಿ ಕೂತರೆ ಹತ್ತೂವರೆವರೆಗೂ ಏಳೋದಿಲ್ಲ. ನಾನು ಬಾಲ ಎತ್ತಿ ಈ ಕಡೆ ಇಟ್ಟು ಒಂದು ಪದ ಓದ್ತೀನಿ, ಅದು ಮತ್ತೆ ಆ ಪದದ ಮೇಲೇ ತಂದು ಇಡುತ್ತೆ.

ಹಾಗೆ ಒಂದಿನ ಅದರ ಹೊಟ್ಟೆ ಕೆಳಗಿಂದ ಸಿಕ್ಕ ಪದ ಬೆರ್ಕು. ಹಳಗನ್ನಡದಲ್ಲಿ ಬೆಕ್ಕಿಗೆ ಬೆರ್ಕು ಅಂತಿದ್ದರು! ಮಲಯಾಳದಲ್ಲಿ ಪುನುಗು ಬೆಕ್ಕಿಗೆ ಇವತ್ತಿಗೂ ವೆರುಗ್ ಅಂತಾರೆ, ಇದರದ್ದೇ ನೆಂಟ. ನಮ್ಮಲ್ಲಿ ಮಾತಾಡ್ತಾ ಮಾತಾಡ್ತಾ ನಡುವಿನ ರಕಾರ ಸವೆದು ಬೆರ್ಕು ಹೋಗಿ ಬೆಕ್ಕಾಯಿತು. ಕರ್ಚು ಅನ್ನೋದು ಕಚ್ಚು ಆಗಿದ್ದೂ ಹಾಗೇ. ಅವತ್ತಿಡೀ ದಿನ ನಾನು ಅದನ್ನ "ಬೆರ್ಕೇ, ಬಾರೇ" ಅಂತ ಕರೆದೆ. ಸಾವಿರ ವರ್ಷದ ಹಿಂದಿನ ಹೆಸರು ಹಿಡಿದು ಕರೆದರೂ ಕಿವಿ ತಿರುಗಿಸಿತು ನೋಡಿ, ನನಗಾದ ಸಂತೋಷ ಹೇಳತೀರದು.

ಇಂಥ ಪದಗಳನ್ನ ಕೂಡಿಟ್ಟವರನ್ನೂ ನೆನೆಯಬೇಕು. ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿದ್ದು 1894ರಲ್ಲಿ. ಸುಮಾರು 70,000 ಪದ. ಬರೀ ಪದ, ಅರ್ಥ ಅಲ್ಲ, ನಮ್ಮ ಜನ ಆಡೋ ಗಾದೆಗಳನ್ನೂ ಅದರೊಳಗೆ ತಂದು ಸೇರಿಸಿದರು ಆ ಪುಣ್ಯಾತ್ಮ. ಆಮೇಲೆ ನಮ್ಮ ಸಾಹಿತ್ಯ ಪರಿಷತ್ತು ಎಂಟು ಸಂಪುಟ ತಂದಿತು, ಅರ್ಧ ಶತಮಾನದ ಕೆಲಸ. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಪದಗಳ ಜೊತೆ ಅಷ್ಟು ದೀರ್ಘವಾಗಿ ಬದುಕಿದವರು ಇನ್ಯಾರಿದ್ದಾರೆ!

ಆದರೂ ನನಗೊಂದು ಪದ ಬೇಕಿತ್ತು. ಬೆಕ್ಕು ಖುಷಿಯಾಗಿದ್ದಾಗ ಗಂಟಲೊಳಗಿಂದ ಬರುತ್ತಲ್ಲ ಒಂದು ಸದ್ದು, ಅದಕ್ಕೆ. ಗುರುಗುಟ್ಟೋದು ಅನ್ನಬಹುದು, ಆದರೆ ನಾಯಿ ಹಲ್ಲು ಕಿರಿದು ನಿಂತಾಗಲೂ ಗುರುಗುಟ್ಟುತ್ತೆ. ಸಿಟ್ಟಿಗೂ ಸುಖಕ್ಕೂ ಒಂದೇ ಪದ ನನಗೆ ಒಪ್ಪಿಗೆಯಾಗಲಿಲ್ಲ. ಎಷ್ಟೋ ದಿನ ಹುಡುಕಿದೆ. ಕೊನೆಗೊಂದು ರಾತ್ರಿ ಕರೆಂಟ್ ಹೋಗಿತ್ತು. ಮನೆಯೆಲ್ಲ ನಿಶ್ಶಬ್ದ. ಅಜ್ಜಿ ಮಡಿಲಲ್ಲಿ ಮಲಗಿದ್ದ ಕೊತ್ತಂಬರಿಯ ಸದ್ದೊಂದೇ ಕೇಳ್ತಿತ್ತು. ಅಜ್ಜಿ ಅದರ ಬೆನ್ನು ಸವರುತ್ತಾ ಮೆಲ್ಲಗೆ ಹೇಳಿದರು: "ಕೇಳವ್ವ, ಕೊತ್ತಿ ರಾಗಿ ಬೀಸ್ತಾ ಅದೆ."

ಬೀಸುವ ಕಲ್ಲು ತಿರುಗೋ ಸದ್ದು ಕೇಳಿದವರಿಗೆ ಇದು ಎಂಥಾ ಮಾತು ಅಂತ ಗೊತ್ತಾಗುತ್ತೆ. ಅದೇ ಒರಟು, ಅದೇ ಲಯ, ನಡುವೆ ಒಂದು ಗಳಿಗೆ ನಿಂತು ಮತ್ತೆ ಶುರುವಾಗೋದೂ ಹಾಗೇ, ಇನ್ನೊಂದು ಹಿಡಿ ರಾಗಿ ಹಾಕಿದ ಹಾಗೆ. ಅಜ್ಜಿಯ ಅಮ್ಮ ಬೆಳಗಿನ ಜಾವ ಎದ್ದು ಹಾಡು ಹೇಳಿಕೊಂಡು ಬೀಸ್ತಿದ್ದರಂತೆ, ಪಕ್ಕದಲ್ಲಿ ಬೆಕ್ಕು ಮಲಗಿರುತ್ತಿತ್ತಂತೆ. ಕಲ್ಲು, ಹಾಡು, ಬೆಕ್ಕು ಎಲ್ಲ ಒಂದೇ ಮಾತಿನೊಳಗೆ ಬಂದುಬಿಟ್ಟಿದೆ. ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಪ್ರಾಣಿಗಳ ಜೊತೆ ಮಾತಾಡುವಾಗ ನಮ್ಮ ಬಾಯಿಂದ ಬರೋ ಕನ್ನಡ ಬೇರೆಲ್ಲೂ ಬರೋದಿಲ್ಲ. "ಕಳ್ಮುಂಡೇದೇ, ಹಾಲು ಕುಡ್ಕೊಂಡು ತಾಚಿ ಮಾಡು" ಅಂತ ಯಾವ ಸಭೆಯಲ್ಲಿ ಹೇಳ್ತೀವಿ? ಆದರೆ ಇತ್ತೀಚೆಗೆ ನಮ್ಮ ಮನೆಗಳಲ್ಲಿ ಮಕ್ಕಳ ಜೊತೆ, ಅಡುಗೆಮನೆಯಲ್ಲಿ, ಜಗಳದಲ್ಲಿ ಎಲ್ಲ ಕನ್ನಡ, ನಾಯಿ ಜೊತೆ ಮಾತ್ರ ಇಂಗ್ಲಿಷು. ನಮ್ಮ ಬೀದಿಯಲ್ಲೇ ಒಂದು ಮುಧೋಳ ನಾಯಿ ಇದೆ. ಚಂದ ಅಂದರೆ ಚಂದ, ಬಿಲ್ಲಿನ ಹಾಗೆ ಬಾಗಿದ ಮೈ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರೋ ಅಂಚೆಚೀಟಿಯನ್ನೇ ತಂದಿತ್ತು. ಬಾಗಲಕೋಟೆ ಸೀಮೆಯ ಆ ನಾಯಿಗೆ ದಿನಾ ಕಮ್, ಸಿಟ್, ನೋ.

ಕೇಳಿದರೆ, ಆಜ್ಞೆ ಚಿಕ್ಕದಾಗಿರಬೇಕು ಅಂತಾರೆ. ಒಪ್ಪಿದೆ. ಮನೆಯವರೆಲ್ಲ ಒಂದೇ ಶಬ್ದ ಬಳಸಬೇಕು ಅನ್ನೋದೂ ನಿಜ. ಆದರೆ ಬಾ, ಕೂರು, ಇರು, ಬಿಡು, ಬೇಡ ಇವುಗಳಿಗಿಂತ ಚಿಕ್ಕದು ಇನ್ನೇನು ಬೇಕು? ಬಾ ಅನ್ನೋದು ಒಂದೇ ಅಕ್ಷರ. ನಾಯಿಗೆ ಬೇಕಿರೋದು ಸದ್ದು ಮತ್ತು ನಮ್ಮ ದನಿಯ ಪ್ರೀತಿ. ಆ ಸದ್ದು ನಮ್ಮದೇ ಆಗಿರಲಿ ಅನ್ನೋದು ನನ್ನ ಆಸೆ. ಗೋವಿನ ಹಾಡಿನ ಕಾಳಿಂಗ ಗೊಲ್ಲ ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೀತಾನಲ್ಲ, ಅಂಥಾ ಜನ ನಾವು.

ಹೇಳ್ತಾ ಹೋದರೆ ಮುಗಿಯೋದಿಲ್ಲ. ನಾಯಿಯನ್ನ ಓಡಿಸೋಕೆ ಹಚಾ ಅಂತೀವಿ. ಕೋಳಿಗೆ ಹಚಾ ಅಂದರೆ ಆಗೋದಿಲ್ಲ, ಅದಕ್ಕೆ ಉಶ್ ಅನ್ನಬೇಕು. ನಾಯಿಯನ್ನ ಯಾರ ಮೇಲಾದರೂ ಬಿಡೋದಾದರೆ ಛೂ. ಈ ಛೂ ಎಷ್ಟು ಗಟ್ಟಿ ಪದ ಅಂದರೆ, ನಾಯಿಯ ಸಹವಾಸ ಬಿಟ್ಟು ಪತ್ರಿಕೆಯ ತಲೆಬರಹಕ್ಕೇ ಏರಿದೆ. ಒಬ್ಬ ನಾಯಕ ಇನ್ನೊಬ್ಬನ ಮೇಲೆ ತನ್ನ ಬೆಂಬಲಿಗರನ್ನ ಛೂ ಬಿಟ್ಟ ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತೆ. ಮನೆಯಂಗಳದಲ್ಲಿ ಹುಟ್ಟಿದ ಒಂದಕ್ಷರ!

ಇಂಥವನ್ನೆಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಡೋಕೆ ಶುರು ಮಾಡಿದ್ದೀನಿ. ಮೊದಲ ಪುಟದಲ್ಲಿ ರಾಗಿ ಬೀಸೋದು ಇದೆ, ಅಜ್ಜಿ ಹೆಸರಿನ ಜೊತೆ. ಹಾಲು ಮಾರೋ ಅಣ್ಣ ಕರು ಕರೆಯೋ ಬಗೆ ಹೇಳಿಕೊಟ್ಟರು, ಅದನ್ನ ಅಕ್ಷರದಲ್ಲಿ ಹಿಡಿಯೋಕೆ ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ. ನಾಲಿಗೆಯನ್ನ ಬಾಯಿಯ ಅಂಗುಳಕ್ಕೆ ಒತ್ತಿ ಲೊಚ್ ಅನ್ನಿಸೋ ಸದ್ದಿಗೆ ನಮ್ಮ ವರ್ಣಮಾಲೆಯಲ್ಲಿ ಯಾವ ಅಕ್ಷರ ಬಳಸಲಿ?

ನಿಮ್ಮೂರಲ್ಲಿ ದನ, ಕುರಿ, ಕೋಳಿ, ಬಾತು ಕರೆಯೋಕೆ ಏನಂತಾರೆ ಬರೀರಿ, ಊರಿನ ಹೆಸರೂ ಹಾಕಿ. ಕತ್ತೆಯ ಪುಟ ಇನ್ನೂ ಖಾಲಿ ಇದೆ. ಅದನ್ನ ಓಡಿಸೋ ಮಾತು ಹೇಳೋಕೆ ಹತ್ತು ಜನ ಸಿಕ್ಕರು, ಹತ್ತಿರ ಕರೆಯೋ ಮಾತು ಮಾತ್ರ ಇದುವರೆಗೆ ಯಾರೂ ಹೇಳಿಲ್ಲ.