ಬಂದೂಕು ಹಿಡಿದಿಡಿ, ಟ್ರಕ್ ಹರಾಜಿಗೆ ಇಡುವ ಮೊದಲು ನ್ಯಾಯಾಲಯಕ್ಕೆ ಬನ್ನಿ

ನಿಯಮ ಮೀರಿ ಜಿಂಕೆ ಹೊಡೆದವನ ಕೈಯಿಂದ ಅಲ್ಲಿಯೇ, ಆಗಲೇ ಬಂದೂಕು ಕಿತ್ತುಕೊಳ್ಳುವ ಅಧಿಕಾರ ಅಮೆರಿಕದ ಗೇಮ್ ವಾರ್ಡನ್‌ಗೆ, ಅಂದರೆ ಬೇಟೆ ನಿಯಮಗಳನ್ನು ಕಾಯುವ ಅಧಿಕಾರಿಗೆ, ಇರಲೇಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ಬರೆಯುವುದನ್ನು ಓದಿ, ಕಳ್ಳಬೇಟೆಗಾರರ ವಕಾಲತ್ತು ವಹಿಸಿಕೊಂಡಿದ್ದೇನೆ ಎಂದು ಯಾರಾದರೂ ಎಗರಿ ಬೀಳುವುದು ಖಂಡಿತ. ನನ್ನ ತಕರಾರು ಬಂದೂಕಿನ ಬಗ್ಗೆ ಅಲ್ಲ, ಅದನ್ನು ಹೊತ್ತು ತಂದ ಪಿಕಪ್ ಟ್ರಕ್ಕಿನ ಬಗ್ಗೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದಿಷ್ಟು. ಬೇಟೆಯೇ ಅಪರಾಧವಾದ ದೇಶದಲ್ಲಿ ಬೆಳೆದ ನಮಗೆ ಇಲ್ಲಿನ ವ್ಯವಸ್ಥೆ ಅರ್ಥವಾಗಲು ಸ್ವಲ್ಪ ಕಾಲ ಬೇಕು. ಇಲ್ಲಿ ಬೇಟೆ ಕಾನೂನುಬದ್ಧ, ಆದರೆ ಹೆಜ್ಜೆ ಹೆಜ್ಜೆಗೂ ನಿಯಮ. ಪರವಾನಗಿ ಬೇಕು. ಯಾವ ಪ್ರಾಣಿಗೆ ಯಾವ ಋತು, ಒಬ್ಬರಿಗೆ ಎಷ್ಟು ಎಂಬ ಮಿತಿ ಇದೆ. ಕತ್ತಲಾದ ಮೇಲೆ ಜಿಂಕೆಗೆ ಗುಂಡು ಹಾರಿಸುವಂತಿಲ್ಲ. ಬಾತುಕೋಳಿ ಬೇಟೆಗೆ ಹೋಗುವವನ ಶಾಟ್‌ಗನ್ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಹೆಚ್ಚು ಹಿಡಿಯುವ ಕೋವಿಯಾದರೆ ಒಳಗೆ ಒಂದು ಬೆಣೆ ಕೂರಿಸಿ ಜಾಗ ಮುಚ್ಚಬೇಕು. ಇವನ್ನೆಲ್ಲ ನೋಡಿಕೊಳ್ಳುವವರು ಟೆಕ್ಸಸ್, ಮೇನ್ ರಾಜ್ಯಗಳಲ್ಲಿ ಗೇಮ್ ವಾರ್ಡನ್. ಮಿಷಿಗನ್, ಇಂಡಿಯಾನಾಗಳಲ್ಲಿ ಕನ್ಸರ್ವೇಶನ್ ಆಫೀಸರ್. ಅಲಾಸ್ಕದಲ್ಲಿ ವೈಲ್ಡ್‌ಲೈಫ್ ಟ್ರೂಪರ್. ಹೆಸರು ಏನೇ ಇರಲಿ, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಬಂಧಿಸುವ ಅಧಿಕಾರ ಎರಡೂ ಇರುವವರು.

ಅವರ ಕೆಲಸದ ಕಷ್ಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಪಟ್ಟಣದ ಪೊಲೀಸನಿಗೆ ಎದುರಾಗುವವರಲ್ಲಿ ಎಲ್ಲೋ ಒಬ್ಬನ ಬಳಿ ಆಯುಧ ಇರಬಹುದು. ಋತು ಶುರುವಾದ ಮೇಲೆ ವಾರ್ಡನ್‌ಗೆ ಎದುರಾಗುವ ಹೆಚ್ಚುಕಡಿಮೆ ಪ್ರತಿಯೊಬ್ಬನ ಹೆಗಲಲ್ಲೂ ಬಂದೂಕು ಇರುತ್ತದೆ. ಎಷ್ಟೋ ಸಲ ಒಬ್ಬರೇ ಇರುತ್ತಾರೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಟೋಪಿಗಳಿಗೆ ಸಿಕ್ಕಿಸುವ ಗರಿಗಾಗಿ ಫ್ಲಾರಿಡಾದ ಬೆಳ್ಳಕ್ಕಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ಕಾಲದಲ್ಲಿ, 1905ರಲ್ಲಿ, ಗೈ ಬ್ರಾಡ್ಲಿ ಎಂಬ ವಾರ್ಡನ್ ಹಕ್ಕಿ ಕೊಲ್ಲುವವರನ್ನು ತಡೆಯಲು ಹೋಗಿ ಗುಂಡೇಟಿಗೆ ಬಲಿಯಾದರು. ಹೊಡೆದವನ ಮೇಲೆ ವಿಚಾರಣೆ ಕೂಡ ನಡೆಯಲಿಲ್ಲ. ಅಂಥ ಚರಿತ್ರೆ ಇರುವ ಕೆಲಸದಲ್ಲಿ ಎದುರಿಗಿರುವವನ ಆಯುಧವನ್ನು ಮೊದಲು ತೆಗೆದುಕೊಳ್ಳುವುದು ಬರೀ ಶಿಸ್ತಲ್ಲ, ಜೀವ ಉಳಿಸಿಕೊಳ್ಳುವ ಉಪಾಯ.

ಸಾಕ್ಷ್ಯದ ಪ್ರಶ್ನೆಯೂ ಇದೆ. ರಾತ್ರಿ ಹೊಡೆದ ಜಿಂಕೆ ಬೆಳಗಾಗುವುದರೊಳಗೆ ಯಾರದೋ ಫ್ರೀಜರ್‌ನಲ್ಲಿ ಪೊಟ್ಟಣ ಪೊಟ್ಟಣವಾಗಿ ಕುಳಿತಿರುತ್ತದೆ. ವಾರಂಟ್ ತಂದು ಬರುತ್ತೇನೆ, ಅಲ್ಲಿಯವರೆಗೆ ಇಲ್ಲೇ ಇರಿ ಎಂದರೆ ಯಾರೂ ಇರುವುದಿಲ್ಲ, ಏನೂ ಇರುವುದಿಲ್ಲ. ಆದ್ದರಿಂದ ಪ್ರಾಣಿ, ಬಂದೂಕು, ಬೆಳಕು ಬಿಡುವ ದೀಪ, ಇವು ಅಲ್ಲಿಯೇ ವಶವಾಗಬೇಕು. (ಕಳ್ಳಬೇಟೆಗಾರರನ್ನು ಹಿಡಿಯಲು ಇವರು ಬಳಸುವ ರೋಬೋಟ್ ಜಿಂಕೆಯ ವಿಡಿಯೊಗಳನ್ನು ನೋಡಿಲ್ಲದವರು ಒಮ್ಮೆ ನೋಡಿ. ನಿಜವಾದ ಚರ್ಮ ಹೊದಿಸಿದ ಗೊಂಬೆ, ರಿಮೋಟ್ ಒತ್ತಿದರೆ ತಲೆ ತಿರುಗಿಸುತ್ತದೆ, ಬಾಲ ಆಡಿಸುತ್ತದೆ. ರಸ್ತೆಯಲ್ಲಿ ಹೋಗುತ್ತಿದ್ದ ಟ್ರಕ್ ಗಕ್ಕನೆ ನಿಲ್ಲುತ್ತದೆ, ಕಿಟಕಿಯಿಂದ ನಳಿಗೆ ಹೊರಬರುತ್ತದೆ. ಗುಂಡು ತಗಲಿದರೂ ಜಿಂಕೆ ಬೀಳುವುದಿಲ್ಲ, ಇವನು ಇನ್ನೊಂದು ಗುಂಡು ಹಾರಿಸುತ್ತಾನೆ! ಮನುಷ್ಯನ ದುರಾಸೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಹಸನ ನಾನು ಕಂಡಿಲ್ಲ.)

ಇಲ್ಲಿಯವರೆಗೆ ಯಾರಿಗೂ ತಕರಾರು ಇರಲಾರದು. ವಶಪಡಿಸಿಕೊಂಡ ವಸ್ತು ಸರ್ಕಾರದ್ದೇ ಆಗಿಬಿಡುವ ಹಂತದಲ್ಲಿ ನನ್ನ ಪ್ರಶ್ನೆ ಶುರುವಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1894ರಲ್ಲೇ ಒಂದು ಮಾತು ಹೇಳಿದೆ. ಲಾಟನ್ ವಿರುದ್ಧ ಸ್ಟೀಲ್ ಎಂಬ ಮೊಕದ್ದಮೆ. ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೊ ಸರೋವರಕ್ಕೆ ಸೇರಿದ ನೀರಿನಲ್ಲಿ ಕಾನೂನುಬಾಹಿರವಾಗಿ ಹಾಕಿದ್ದ ಹದಿನೈದು ಮೀನುಬಲೆಗಳನ್ನು ಅಧಿಕಾರಿಯೊಬ್ಬ ಕಿತ್ತು ನಾಶಮಾಡಿದ. ಬಲೆಗಳ ಮಾಲೀಕರು ಒಟ್ಟು 525 ಡಾಲರ್ ಬೆಲೆಯ ಮಾಲು ವಿಚಾರಣೆಯಿಲ್ಲದೆ ಹಾಳಾಯಿತು ಎಂದು ನ್ಯಾಯಾಲಯಕ್ಕೆ ಹೋದರು, ಸೋತರು. ವಾರ್ಡನ್‌ಗಳ ಪರ ವಾದಿಸುವವರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ತೀರ್ಪನ್ನು ಮುಂದೆ ಓದಬೇಕು. ವಸ್ತು ಅಲ್ಪ ಬೆಲೆಯದಾಗಿದ್ದು, ಅದನ್ನು ತಪ್ಪು ಕೆಲಸಕ್ಕೆ ಬಳಸಿದ್ದು ಸ್ಪಷ್ಟವಾಗಿದ್ದರೆ ಮಾತ್ರ ಸ್ಥಳದಲ್ಲೇ ಇಂಥ ಕ್ರಮ ಸರಿ ಎಂದಿತು ನ್ಯಾಯಾಲಯ. ಕಳ್ಳಸಾಗಣೆಯ ಹಡಗಿನಂಥ ದೊಡ್ಡ ಬೆಲೆಯ ಆಸ್ತಿಯನ್ನು ಮಾರುವ, ನಾಶಮಾಡುವ ಅಧಿಕಾರವನ್ನು ಒಬ್ಬ ಅಧಿಕಾರಿಯ ಕೈಗೆ ಕೊಡುವುದು ಅಪಾಯಕಾರಿ ಎಂದೂ ಅದೇ ತೀರ್ಪು ಎಚ್ಚರಿಸಿತು. ಅಷ್ಟು ಕಡಿಮೆ ಬೆಲೆಯ ಬಲೆಗಳ ವಿಷಯದಲ್ಲೂ ಮುಖ್ಯ ನ್ಯಾಯಮೂರ್ತಿ ಫುಲ್ಲರ್ ಸೇರಿ ಮೂವರು ಒಪ್ಪಲಿಲ್ಲ.

ಬಲೆಗೂ ಹಡಗಿಗೂ ನಡುವೆ ನೂರಾ ಮೂವತ್ತು ವರ್ಷಗಳ ಹಿಂದೆ ಎಳೆದ ಆ ಗೆರೆ ನನ್ನ ಪ್ರಕಾರ ಇಂದಿಗೂ ಸರಿ. ಪಿಕಪ್ ಟ್ರಕ್ ಇರುವುದು ಹಡಗಿನ ಕಡೆಗೆ. ಅದರಲ್ಲೇ ಅವನು ಕೆಲಸಕ್ಕೆ ಹೋಗುತ್ತಾನೆ, ಅದರ ಸಾಲದ ಕಂತು ಇನ್ನೂ ಕಟ್ಟುತ್ತಿರುತ್ತಾನೆ, ಎಷ್ಟೋ ವೇಳೆ ಅದು ಹೆಂಡತಿಯ ಹೆಸರಿನಲ್ಲಿರುತ್ತದೆ. ಶ್ರೀಮಂತನ ಟ್ರಕ್ ಹೋದರೆ ಅವನು ಇನ್ನೊಂದು ಕೊಳ್ಳುತ್ತಾನೆ. ಬಡವನ ಟ್ರಕ್ ಹೋದರೆ ನೌಕರಿಯೂ ಹೋಗುತ್ತದೆ. ಒಂದೇ ತಪ್ಪಿಗೆ ಒಬ್ಬನಿಗೆ ಕಿರಿಕಿರಿ, ಇನ್ನೊಬ್ಬನಿಗೆ ಸರ್ವನಾಶ.

ಒಕ್ಕೂಟ ಸರ್ಕಾರದ ಕಾನೂನುಗಳು ಈ ವಿಚಾರದಲ್ಲಿ ನಾನು ಅಂದುಕೊಂಡಿದ್ದಕ್ಕಿಂತ ಜಾಣವಾಗಿವೆ. ವಲಸೆ ಹಕ್ಕಿಗಳ 1918ರ ಕಾಯಿದೆಯನ್ನೇ ನೋಡಿ. ಹಕ್ಕಿಗಳನ್ನು ಮಾರುವ ಉದ್ದೇಶದಿಂದ ಕೊಂದವನ ಕೋವಿ, ಬಲೆ, ದೋಣಿ, ವಾಹನಗಳನ್ನು ಮೊಕದ್ದಮೆ ಮುಗಿಯುವವರೆಗೆ ಹಿಡಿದಿಡಬಹುದು. ಅವು ಸರ್ಕಾರಕ್ಕೆ ಸೇರುವುದು ಅಪರಾಧ ಸಾಬೀತಾದ ಮೇಲೆ. ಬೆಣೆ ಹಾಕುವುದನ್ನು ಮರೆತವನ ಕೋವಿ ಈ ಕಲಮಿಗೆ ಬರುವುದಿಲ್ಲ. 1900ರ ಲೇಸಿ ಕಾಯಿದೆ, ಅಂದರೆ ಒಂದು ರಾಜ್ಯದಲ್ಲಿ ಕದ್ದು ಬೇಟೆಯಾಡಿದ್ದನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು ತಡೆಯಲು ಬಂದ ಕಾನೂನು, ಇಂದಿನ ರೂಪದಲ್ಲಿ ಹೀಗಿದೆ: ಕಾನೂನು ಮೀರಿ ಸಂಗ್ರಹಿಸಿದ ಪ್ರಾಣಿಯನ್ನು ಯಾರ ಕೈಯಲ್ಲಿ ಸಿಕ್ಕರೂ, ಅವನಿಗೆ ಗೊತ್ತಿರಲಿ ಬಿಡಲಿ, ಮುಟ್ಟುಗೋಲು ಹಾಕಿಕೊಳ್ಳಬಹುದು. ವಾಹನ, ವಿಮಾನಗಳಿಗೆ ಮಾತ್ರ ಬೇರೆ ಅಳತೆ. ಮಾರಾಟ ಅಥವಾ ಖರೀದಿ ನಡೆದಿರಬೇಕು, ಗಂಭೀರ ಅಪರಾಧವೆಂದು ಶಿಕ್ಷೆಯಾಗಿರಬೇಕು, ಮಾಲೀಕನಿಗೆ ವಿಷಯ ಗೊತ್ತಿರಬೇಕು ಅಥವಾ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿರಬೇಕು. ಪ್ರಾಣಿ ಎಂದೂ ಅವನದಾಗಿರಲಿಲ್ಲ, ಟ್ರಕ್ ಅವನದು. ಈ ವ್ಯತ್ಯಾಸವನ್ನು ಕಾನೂನು ಬರೆದವರು ಗುರುತಿಸಿದ್ದಾರೆ.

ಗೊಂದಲವೆಲ್ಲ ರಾಜ್ಯಗಳಲ್ಲಿ. ಬೇಟೆಯ ನಿಯಮಗಳಲ್ಲಿ ಬಹುಪಾಲು ರಾಜ್ಯಗಳವೇ, ಮುಟ್ಟುಗೋಲಿನ ವಿಧಾನಗಳೂ ಒಂದೊಂದು ಕಡೆ ಒಂದೊಂದು ತೆರ. ಕೆಲವೆಡೆ ಶಿಕ್ಷೆಯಾದ ಮೇಲೆ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಸಿವಿಲ್ ಮುಟ್ಟುಗೋಲಿನ ದಾರಿ ಹಿಡಿದರೆ ದಾವೆ ಮನುಷ್ಯನ ಮೇಲಲ್ಲ, ವಸ್ತುವಿನ ಮೇಲೆ. ಆಗ ತಪ್ಪಿತಸ್ಥ ಟ್ರಕ್ಕು! ಮಾಲೀಕನ ಮೇಲೆ ಆರೋಪ ಸಾಬೀತಾಗದಿದ್ದರೂ ವಸ್ತು ಕೈತಪ್ಪಬಹುದು. 1996ರ ಬೆನಿಸ್ ಪ್ರಕರಣದಲ್ಲಿ, ಗಂಡ ಮಾಡಿದ ತಪ್ಪಿಗೆ ಇಬ್ಬರ ಹೆಸರಿನಲ್ಲಿದ್ದ ಕಾರನ್ನು ಮಿಷಿಗನ್ ಸರ್ಕಾರ ತೆಗೆದುಕೊಂಡಿತು. ಏನೂ ಅರಿಯದ ಹೆಂಡತಿ ತನ್ನ ಪಾಲು ಕೇಳಿದಾಗ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಬೇಟೆಗೂ ಆ ಪ್ರಕರಣಕ್ಕೂ ಸಂಬಂಧವಿಲ್ಲ ನಿಜ, ಆದರೆ ತತ್ವ ಅದೇ. ನ್ಯೂ ಮೆಕ್ಸಿಕೊ 2015ರಲ್ಲಿ, ನೆಬ್ರಾಸ್ಕ 2016ರಲ್ಲಿ, ಮೇನ್ 2021ರಲ್ಲಿ ಈ ಸಿವಿಲ್ ದಾರಿಯನ್ನು ಮುಚ್ಚಿದವು. ಈ ಮೂರೂ ಕಡೆ ಬೇಟೆಗಾರರಿಗೂ ವನ್ಯಜೀವಿಗಳಿಗೂ ಬರವಿಲ್ಲ ಎಂಬುದನ್ನು ಗಮನಿಸಿ.

2019ರಲ್ಲಿ ಸ್ವಲ್ಪ ಬೆಳಕು ಕಂಡಿತು. ಟಿಂಬ್ಸ್ ವಿರುದ್ಧ ಇಂಡಿಯಾನಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ರೂಥ್ ಬೇಡರ್ ಗಿನ್ಸ್‌ಬರ್ಗ್ ತೀರ್ಪು ಬರೆದರು: ಅತಿಯಾದ ದಂಡ ಕೂಡದು ಎಂಬ ಸಂವಿಧಾನದ ಮಾತು ರಾಜ್ಯಗಳಿಗೂ ಅನ್ವಯಿಸುತ್ತದೆ. ಅದು ಮಾದಕವಸ್ತು ಮಾರಿದವನ ಲ್ಯಾಂಡ್ ರೋವರ್. ಬೆಲೆ ಸುಮಾರು 42,000 ಡಾಲರ್, ಆ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ದಂಡ 10,000. ಒಬ್ಬ ನ್ಯಾಯಮೂರ್ತಿಯೂ ವಿರೋಧಿಸಲಿಲ್ಲ. ಆದರೆ 2024ರಲ್ಲಿ, ಕಲ್ಲಿ ವಿರುದ್ಧ ಮಾರ್ಷಲ್ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಹಿಂದಡಿ ಇಟ್ಟಿತು. ಅಲಬಾಮಾದ ಒಬ್ಬ ತಾಯಿಯ ಕಾರನ್ನು ಮಗ ಒಯ್ದಿದ್ದ, ಇನ್ನೊಬ್ಬಳ ಕಾರನ್ನು ಸ್ನೇಹಿತ ಒಯ್ದಿದ್ದ; ಎರಡನ್ನೂ ಪೊಲೀಸರು ಹಿಡಿದಿಟ್ಟುಕೊಂಡರು. ಮುಟ್ಟುಗೋಲಿನ ವಿಚಾರಣೆ ಸಕಾಲದಲ್ಲಿ ನಡೆದರೆ ಸಾಕು, ಅದಕ್ಕೂ ಮೊದಲು ‘ಸದ್ಯಕ್ಕೆ ಕಾರು ಯಾರ ಬಳಿ ಇರಬೇಕು’ ಎಂದು ಪ್ರತ್ಯೇಕ ವಿಚಾರಣೆ ಬೇಕಿಲ್ಲ ಎಂದು ಆರು ಮಂದಿ ಹೇಳಿದರು, ಮೂವರು ಒಪ್ಪಲಿಲ್ಲ. ನಾನು ಆ ಮೂವರ ಕಡೆ. ಮನೆ ಬಾಡಿಗೆ, ಸಾಲದ ಕಂತುಗಳು ಸಕಾಲ ಎಂದರೇನು ಎಂದು ಕಾಯುತ್ತ ಕೂರುವುದಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಪ್ರತಿ ವರ್ಷ ಜಿಂಕೆ ಬೇಟೆಗೆ ಹೋಗುವವರು, ನಿಯಮದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಈ ವಾದವನ್ನು ಅವರ ಮುಂದೆ ಇಟ್ಟಾಗ ಅವರು ಸಿಡಿದೆದ್ದರು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಬೇಟೆಯ ಬಂದೂಕು, ತೋಟಾಗಳ ಮೇಲೆ ಶೇಕಡಾ 11 ಸುಂಕವಿದೆ. ಆ ಹಣ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. “ನಾನು ದುಡ್ಡು ಕೊಟ್ಟು ಉಳಿಸಿದ ಜಿಂಕೆಯನ್ನು ಅವನು ಕದಿಯುತ್ತಾನೆ. ನೀವು ಅವನ ಟ್ರಕ್ಕಿನ ಕಂತಿನ ಚಿಂತೆ ಮಾಡುತ್ತೀರಿ!” ಎಂದರು. ರಾತ್ರಿ ಟ್ರಕ್ಕಿನಿಂದಲೇ ದೀಪ ಬಿಟ್ಟು, ಕಣ್ಣು ಕೋರೈಸಿ ನಿಂತ ಪ್ರಾಣಿಯನ್ನು ಕಿಟಕಿಯಿಂದ ಹೊಡೆಯುವವನಿಗೆ ಟ್ರಕ್ಕೂ ಆಯುಧವೇ ಅಲ್ಲವೇ ಎಂದು ಕೇಳಿದರು. ಹೌದು, ಅಂಥವನ ಟ್ರಕ್ ಹೋಗಲಿ, ಮಾಂಸ ಮತ್ತು ಕೊಂಬು ಮಾರುವ ಜಾಲದವನದೂ ಹೋಗಲಿ. ಆದರೆ ಶಿಕ್ಷೆಯಾದ ಮೇಲೆ ಹೋಗಲಿ. ಅಷ್ಟು ಹೊತ್ತು ಕಾಯುವುದರಿಂದ ಜಿಂಕೆಗಳಿಗೆ ಏನೂ ನಷ್ಟವಿಲ್ಲ.

ತಪ್ಪಿಗೆ ತಕ್ಕ ದಂಡ ವಿಧಿಸುವುದು ಗೊತ್ತಿಲ್ಲದ ದೇಶವೂ ಇದಲ್ಲ. ಒಹಾಯೊದಲ್ಲಿ ಕದ್ದು ಹೊಡೆದ ದೊಡ್ಡ ಕೊಂಬಿನ ಜಿಂಕೆಗೆ ಒಂದು ಸೂತ್ರವಿದೆ: ಕೊಂಬಿನ ಅಳತೆಯ ಅಂಕದಿಂದ ನೂರು ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ 1.65 ಡಾಲರ್‌ನಿಂದ ಗುಣಿಸಬೇಕು. ಇನ್ನೂರು ಅಂಕದ ಜಿಂಕೆಯಾದರೆ 16,500 ಡಾಲರ್ ಪರಿಹಾರ. ಕೊಲೊರಾಡೊದಲ್ಲಿ, ಎಸ್ಟೆಸ್ ಪಾರ್ಕ್ ಜನರ ಕಣ್ಮಣಿಯಾಗಿದ್ದ ಸ್ಯಾಮ್ಸನ್ ಎಂಬ ಎಲ್ಕ್ (ಭಾರೀ ಗಾತ್ರದ ಒಂದು ಬಗೆಯ ಜಿಂಕೆ) 1995ರಲ್ಲಿ ಕಳ್ಳಬೇಟೆಗೆ ಬಲಿಯಾದ ಮೇಲೆ, 1998ರಲ್ಲಿ ಅದರ ಹೆಸರಿನಲ್ಲೇ ಕಾನೂನು ಬಂತು. ಅಂಥ ದೊಡ್ಡ ಕೊಂಬಿನ ಎಲ್ಕ್ ಕೊಂದರೆ ಹೆಚ್ಚುವರಿಯಾಗಿ 10,000 ಡಾಲರ್. ಇವು ಕಟುವಾದ ದಂಡಗಳೇ, ಆದರೆ ಕೊಂದ ಪ್ರಾಣಿಗೆ ತಕ್ಕಂತೆ ಲೆಕ್ಕ ಹಾಕಿದವು. ಟ್ರಕ್ ಕಿತ್ತುಕೊಂಡಾಗ ದಂಡದ ಮೊತ್ತ ನಿರ್ಧಾರವಾಗುವುದು ಆ ದಿನ ಅವನು ಯಾವ ಗಾಡಿ ತಂದಿದ್ದ ಎಂಬುದರ ಮೇಲೆ! ಬೇಟೆಗಾರನಿಗೆ ನಿಜವಾಗಿ ಚುಚ್ಚುವ ಶಿಕ್ಷೆ ಪರವಾನಗಿ ರದ್ದತಿ. 1989ರಲ್ಲಿ ಕೊಲೊರಾಡೊ, ನೆವಾಡ, ಆರೆಗಾನ್ ಸೇರಿ ಆರಂಭಿಸಿದ ಒಪ್ಪಂದಕ್ಕೆ ಈಗ ಬಹುತೇಕ ಎಲ್ಲ ರಾಜ್ಯಗಳೂ ಸೇರಿವೆ. ಒಂದು ಕಡೆ ಪರವಾನಗಿ ಕಳೆದುಕೊಂಡವನಿಗೆ ಉಳಿದ ಕಡೆಯೂ ಬಾಗಿಲು ಮುಚ್ಚಿದಂತೆಯೇ.

1894ರ ಗೆರೆಗೆ ಒಂದು ತಿದ್ದುಪಡಿಯೂ ಬೇಕು. ಆಗ ಅಗ್ಗದ ವಸ್ತು ಎಂದರೆ ಬಲೆ, ಹಗ್ಗ. ಅದರೊಳಗೆ ಏನೂ ಇರುತ್ತಿರಲಿಲ್ಲ. ಈಗ ಮರಕ್ಕೆ ಕಟ್ಟುವ ಕ್ಯಾಮೆರಾ ಅಗ್ಗ, ಆದರೆ ಯಾರು ಎಷ್ಟು ಹೊತ್ತಿಗೆ ಓಡಾಡಿದರು ಎಂಬುದೆಲ್ಲ ಅದರಲ್ಲಿದೆ. 2023ರಲ್ಲಿ ವಾರ್ಡನ್‌ಗಳು ತನ್ನ ಸ್ವಂತ ಜಮೀನಿಗೆ ನುಗ್ಗಿ ಇಂಥ ಕ್ಯಾಮೆರಾವನ್ನು ವಾರಂಟ್ ಇಲ್ಲದೆ ಒಯ್ದರು ಎಂದು ವರ್ಜೀನಿಯಾದ ಬೇಟೆಗಾರನೊಬ್ಬ ದಾವೆ ಹೂಡಿದ. ಮನೆಯಂಗಳ ದಾಟಿದ ಬಯಲು, ಕಾಡುಗಳಿಗೆ ವಾರಂಟ್ ಇಲ್ಲದ ಶೋಧದಿಂದ ಸಂವಿಧಾನದ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1924ರಲ್ಲಿ ಹೇಳಿ, 1984ರಲ್ಲಿ ಮತ್ತೆ ಹೇಳಿದ್ದರಿಂದ ವಾರ್ಡನ್‌ಗಳು ಖಾಸಗಿ ಜಮೀನಿಗೆ ಸಲೀಸಾಗಿ ಕಾಲಿಡುತ್ತಾರೆ. ಕಾಲಿಡಲಿ. ಆದರೆ ಮೊಬೈಲ್ ನೋಡಲು ಪೊಲೀಸರಿಗೆ ವಾರಂಟ್ ಬೇಕು ಎಂದು 2014ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕ್ಯಾಮೆರಾಗೂ ಆ ನಿಯಮವೇ ಇರಲಿ.

ಹಾಗಾದರೆ ಟ್ರಕ್ಕಿಗೆ ಏನು ಮಾಡಬೇಕು? ಫೋಟೊ ತೆಗೆಯಲಿ, ರಕ್ತದ ಕಲೆಯ ಮಾದರಿ ತೆಗೆದುಕೊಳ್ಳಲಿ, ತೆಗೆದುಕೊಂಡ ಪ್ರತಿ ವಸ್ತುವಿಗೂ ರಸೀದಿ ಕೊಡಲಿ. ವಿಚಾರಣೆಗೆ ಮುಂಚೆ ಅದನ್ನು ಮಾರಿಬಿಡುತ್ತಾನೆಂಬ ಭಯವಿದ್ದರೆ ಮುಚ್ಚಳಿಕೆ ಬರೆಸಿಕೊಂಡು, ಭದ್ರತೆ ಪಡೆದು ಬಿಟ್ಟುಕೊಡಲಿ. ಅಪರಾಧ ಸಾಬೀತಾಗದಿದ್ದರೆ ಬಂದೂಕು ತಾನಾಗಿ ಮಾಲೀಕನಿಗೆ ಮರಳಬೇಕು. ಅದಕ್ಕಾಗಿ ಅವನು ಬಂದೂಕಿನ ಬೆಲೆಗಿಂತ ಹೆಚ್ಚು ವಕೀಲರಿಗೆ ಸುರಿಯುವಂತಾಗಬಾರದು. ಹರಾಜಿನ ಹಣ ವಶಪಡಿಸಿಕೊಂಡ ಇಲಾಖೆಯ ಖಾತೆಗೆ ಹೋಗಲೇಬಾರದು, ನೇರವಾಗಿ ರಾಜ್ಯದ ಬೊಕ್ಕಸಕ್ಕೆ ಹೋಗಲಿ. ಗಸ್ತು ವಾಹನಕ್ಕೂ ಸಂಬಳಕ್ಕೂ ಹಣ ಸಾಲದಿದ್ದರೆ ಶಾಸನಸಭೆ ಕೊಡಲಿ. ನನ್ನ ಸಹೋದ್ಯೋಗಿ ಉಳಿದೆಲ್ಲದಕ್ಕೂ ಇಲ್ಲ ಎಂದವರು, ಈ ಹಣದ ಮಾತಿಗೆ ಮಾತ್ರ ತಕರಾರಿಲ್ಲದೆ ಒಪ್ಪಿದರು. ಟ್ರಕ್ಕಿನ ವಿಷಯದಲ್ಲಿ ನಮ್ಮ ಜಗಳ ಇನ್ನೂ ಮುಗಿದಿಲ್ಲ.